ಬೀಜ ತಾನೇ ಬೀಸುವ ಕಾಫಿ ಯಂತ್ರ: ಮೊದಲು ಲೋಟ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಕಾಫಿ ಪುಡಿ ಅಂಗಡಿಯ ಮುಂದೆ ನಿಂತು ಬಸ್ಸಿಗೆ ಕಾದವರಿಗೆ ಆ ಪರಿಮಳ ಗೊತ್ತು. ಒಳಗೆ ಗಿರಣಿ ತಿರುಗಿದಾಗಲೆಲ್ಲ ಅರ್ಧ ಬೀದಿಗೆ ಹಬ್ಬುವ ಆ ಘಮ ನಿಜವಾಗಿ ನಮ್ಮ ಲೋಟಕ್ಕೆ ಬರಬೇಕಾಗಿದ್ದದ್ದು. ಹುರಿದ ಬೀಜ ಇಡಿಯಾಗಿರುವವರೆಗೆ ಪರಿಮಳವನ್ನು ಒಳಗೇ ಕಟ್ಟಿಟ್ಟುಕೊಂಡಿರುತ್ತದೆ. ಪುಡಿಯಾದ ಗಳಿಗೆಯಿಂದ ಗಾಳಿಗೆ ಬಿಟ್ಟುಕೊಡಲು ತೊಡಗುತ್ತದೆ. ಎಷ್ಟೇ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೂ ಒಂದು ವಾರ ಕಳೆದ ಪುಡಿಯಲ್ಲಿ ಮೊದಲ ದಿನದ ಘಮ ಇರುವುದಿಲ್ಲ. ಗ್ರೈಂಡರ್ ಒಳಗೇ ಇರುವ ಕಾಫಿ ಮೇಕರ್ ಕೊಳ್ಳಲು ಇರುವ ಒಳ್ಳೆಯ ಕಾರಣ ಇದೊಂದೇ. ಬಣ್ಣದ ಪರದೆ, ಹದಿನೆಂಟು ಬಗೆಯ ಪೇಯ, ಮೊಬೈಲ್‌ನಿಂದ ಚಾಲೂ ಮಾಡುವ ಸೌಲಭ್ಯ, ಇವೆಲ್ಲ ಆಮೇಲಿನ ಮಾತು.

ಹತ್ತು ವರ್ಷಗಳಲ್ಲಿ ನಮ್ಮ ಮನೆಗೆ ಇಂಥ ಮೂರು ಯಂತ್ರಗಳು ಬಂದಿವೆ. ಮೊದಲನೆಯದು ಎರಡು ಮಳೆಗಾಲ ಬಾಳಲಿಲ್ಲ. ಎರಡನೆಯದನ್ನು ತಂಗಿಗೆ ಕೊಟ್ಟೆ, ಅವಳ ಮನೆಯಲ್ಲಿ ಅದು ಸುಖವಾಗಿದೆ. ಮೂರನೆಯದು ಈಗಲೂ ದಿನಕ್ಕೆ ಐದು ಸಲ ಕೆಲಸ ಮಾಡುತ್ತಿದೆ. ನೆಂಟರು, ಪರಿಚಯದವರು ಕೊಳ್ಳುವ ಮುನ್ನ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಬೀಸುವ ಭಾಗ ಚೆನ್ನಾಗಿದೆಯೇ, ಯಂತ್ರವನ್ನು ನಿಮ್ಮ ಕೈಯಿಂದಲೇ ಬಿಚ್ಚಿ ತೊಳೆಯಲು ಬರುತ್ತದೆಯೇ, ಈ ಎರಡನ್ನು ನೋಡಿ ಕೊಂಡವರು ನೊಂದುಕೊಂಡದ್ದನ್ನು ನಾನು ಕಂಡಿಲ್ಲ. ಪರದೆಯ ಮೇಲಿನ ಚಿತ್ರಗಳನ್ನು ಎಣಿಸಿ ಕೊಂಡವರು ನೊಂದುಕೊಂಡದ್ದನ್ನು ಕಂಡಿದ್ದೇನೆ.

ಹಂತ 1: ನಿಮ್ಮ ಲೋಟದಲ್ಲಿ ಏನಿದೆ?

ಮನೆಯಲ್ಲಿ ಯಾರು, ಯಾವ ಹೊತ್ತಿಗೆ, ಎಂಥ ಕಾಫಿ ಕುಡಿಯುತ್ತಾರೆ ಎಂಬುದನ್ನು ಮೂರು ದಿನ ಗಮನಿಸಿ ಒಂದು ಚೀಟಿಯಲ್ಲಿ ಬರೆಯಿರಿ. ಅಂಗಡಿಗೆ ಹೋಗುವಾಗ ಆ ಚೀಟಿ ಕೈಯಲ್ಲಿರಲಿ.

ಮೊದಲ ಪ್ರಶ್ನೆ ಚಿಕೋರಿಯದು. ನಮ್ಮ ಬಹುಪಾಲು ಮನೆಗಳ ಕಾಫಿ ಪುಡಿಯಲ್ಲಿ ಚಿಕೋರಿ ಇರುತ್ತದೆ. ಅದು ಕಾಫಿ ಬೀಜವಲ್ಲ, ಬೇರೊಂದು ಗಿಡದ ಬೇರನ್ನು ಒಣಗಿಸಿ ಹುರಿದದ್ದು. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು. ಅಂದರೆ ಹೆಚ್ಚುಕಡಿಮೆ ಅರ್ಧದವರೆಗೆ ಚಿಕೋರಿ ಇರಲು ಅವಕಾಶವಿದೆ. ಡಿಕಾಕ್ಷನ್‌ಗೆ ಆ ಗಾಢ ಬಣ್ಣ, ನಾಲಿಗೆಗೆ ಆ ದಪ್ಪ, ಕೊನೆಯಲ್ಲಿ ಉಳಿಯುವ ಸಣ್ಣ ಸಿಹಿಗಹಿ ಬರುವುದರಲ್ಲಿ ಅದರ ಪಾಲು ದೊಡ್ಡದು.

ಗ್ರೈಂಡರ್ ಇರುವ ಯಂತ್ರದ ಬೀಜದ ಬಟ್ಟಲಿಗೆ ಹಾಕಬಹುದಾದದ್ದು ಹುರಿದ ಕಾಫಿ ಬೀಜ ಮಾತ್ರ. ಚಿಕೋರಿ ತುಂಡುಗಳನ್ನಾಗಲಿ ಪುಡಿಯನ್ನಾಗಲಿ ಅಲ್ಲಿಗೆ ಹಾಕುವಂತಿಲ್ಲ. ಅದು ತೇವ ಹೀರಿ ಅಂಟುತ್ತದೆ, ಸಣ್ಣ ಕಣ್ಣಿನ ಜರಡಿಯನ್ನು ಕಟ್ಟುತ್ತದೆ. ಕೆಲವು ಯಂತ್ರಗಳಲ್ಲಿ ಮೊದಲೇ ಮಾಡಿದ ಪುಡಿ ಹಾಕಲು ಬೇರೊಂದು ಕಿಂಡಿ ಇರುತ್ತದೆ. ಅದನ್ನು ತೋರಿಸಿ ‘ಚಿಕೋರಿ ಪುಡಿಯನ್ನೂ ಹಾಕಬಹುದು’ ಎಂದು ಮಾರುವವರು ಹೇಳಿದರೆ ಒಪ್ಪಬೇಡಿ. ಆ ಕಿಂಡಿ ಇರುವುದು ಶುದ್ಧ ಕಾಫಿ ಪುಡಿಗೆ.

ಹಾಗಾದರೆ ಚಿಕೋರಿಯ ರುಚಿಗೆ ಒಗ್ಗಿದವರು ಏನು ಮಾಡಬೇಕು? ಎರಡು ದಾರಿಗಳಿವೆ. ಬೀಜ ಕೊಳ್ಳುವಾಗ ಮೂರರಲ್ಲಿ ಒಂದು ಪಾಲು ರೊಬಸ್ಟಾ ಎಂಬ ಗಟ್ಟಿ ರುಚಿಯ ಬಗೆಯನ್ನು ಸೇರಿಸಿಕೊಂಡರೆ ಕಾಫಿಗೆ ದಪ್ಪವೂ ನೊರೆಯೂ ಬರುತ್ತವೆ. ಅಷ್ಟೂ ಸಾಲದಿದ್ದರೆ ನಾನು ಮಾಡುವ ಹಾಗೆ ಮಾಡಿ: ಕಾಲು ಚಮಚ ಚಿಕೋರಿ ಪುಡಿಗೆ ಎರಡು ಚಮಚ ಕುದಿಯುವ ನೀರು ಹಾಕಿ, ಸಣ್ಣ ಸೋಸುಕದಲ್ಲಿ ಸೋಸಿ, ಯಂತ್ರದಿಂದ ಬಂದ ಕಾಫಿಗೆ ಲೋಟದಲ್ಲೇ ಬೆರೆಸುವುದು. ಆದರೆ ಮನೆಯವರೆಲ್ಲರೂ 60 ಪಾಲು ಕಾಫಿ, 40 ಪಾಲು ಚಿಕೋರಿಯ ಡಿಕಾಕ್ಷನ್ ಬಿಟ್ಟು ಬೇರೆ ಕುಡಿಯುವುದಿಲ್ಲ ಎಂದಾದರೆ ಈ ಯಂತ್ರವನ್ನು ಕೊಳ್ಳಲೇಬೇಡಿ. ಬಿಡಿಯಾದ ಒಂದು ಒಳ್ಳೆಯ ಗ್ರೈಂಡರ್ ಕೊಂಡು, ಈಗಿರುವ ಫಿಲ್ಟರನ್ನೇ ಉಳಿಸಿಕೊಳ್ಳಿ. ಬೆಳಿಗ್ಗೆ ಬೀಜ ಪುಡಿ ಮಾಡಿ ಅದಕ್ಕೆ ಚಿಕೋರಿ ಬೆರೆಸಿ ಡಿಕಾಕ್ಷನ್ ಹಾಕಿ. ಕೆಲವೇ ಸಾವಿರ ರೂಪಾಯಿಯಲ್ಲಿ ನಿಮಗೆ ಬೇಕಾದ ಘಮ ಸಿಗುತ್ತದೆ.

ಎರಡನೆಯ ಪ್ರಶ್ನೆ ಬಿಸಿಯದು. ಯಂತ್ರಗಳು ಹಾಲನ್ನು ನೊರೆ ಬರಿಸಿ ಕೊಡುವುದು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ. ಹಾಲಿನ ಸಿಹಿ ಎದ್ದು ಕಾಣುವ ಹದ ಅದು. ನಾವು ಬೆಳೆದದ್ದು ಉಕ್ಕಿ ಬಂದ ಹಾಲಿನ ಕಾಫಿಯಲ್ಲಿ. ನಮ್ಮ ಎರಡನೆಯ ಯಂತ್ರ ಬಂದ ದಿನ ಅಮ್ಮನಿಗೆ ಮೊದಲ ಲೋಟ ಕೊಟ್ಟೆ. ಅವರು ಲೋಟದ ಅಂಚನ್ನು ಎರಡು ಬೆರಳಲ್ಲಿ ಹಿಡಿಯಲು ಹೋಗಿ, ಬೇಕಿಲ್ಲವೆಂದು ಕಂಡು, ಇಡೀ ಅಂಗೈಯಲ್ಲೇ ಹಿಡಿದರು. ಒಂದು ಗುಟುಕಿನ ಬಳಿಕ ಕೆಳಗಿಟ್ಟು, ‘ರುಚಿ ಚೆನ್ನಾಗಿದೆ, ಆದರೆ ಆರಿದ ಕಾಫಿ ಕೊಟ್ಟೆಯಲ್ಲ ಮಗಳೇ’ ಎಂದರು. ಅಂದಿನಿಂದ ನಮ್ಮಲ್ಲಿ ಹಾಲು ಒಲೆಯ ಮೇಲೇ ಕಾಯುತ್ತದೆ. ಯಂತ್ರ ಕೊಡುವುದು ಕಾಫಿಯನ್ನು ಮಾತ್ರ. ಎರಡನ್ನೂ ಬೆರೆಸಿ ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದರೆ ನೊರೆಗೆ ಕೊರತೆಯಿಲ್ಲ.

ಇದರಿಂದ ಹಣವೂ ಉಳಿಯುತ್ತದೆ. ಒಂದೇ ತಯಾರಕರ ಎರಡು ಮಾದರಿಗಳ ಬೆಲೆಯಲ್ಲಿನ ದೊಡ್ಡ ವ್ಯತ್ಯಾಸ ಬಹಳ ಸಲ ಹಾಲಿನ ವ್ಯವಸ್ಥೆಯದು. ಹಾಲನ್ನು ಒಲೆಯ ಮೇಲೆ ಕಾಯಿಸುವ ಮನೆಗೆ ಹಬೆಯ ಸಾದಾ ನಳಿಕೆ ಇರುವ ಅಗ್ಗದ ಮಾದರಿಯೇ ಸಾಕು. ಹಾಲು ಎಳೆದುಕೊಳ್ಳುವ ಕೊಳವೆಗಳಲ್ಲಿ ಕೆನೆ ಕೂರುವುದು, ಒಂದು ದಿನ ತೊಳೆಯಲು ಮರೆತರೆ ಹುಳಿ ವಾಸನೆ ಬರುವುದು, ಈ ತೊಂದರೆಗಳೂ ಇರುವುದಿಲ್ಲ.

ಕೊಡಗು, ಮಲೆನಾಡಿನ ಕಡೆ ಬೆಲ್ಲದ ಕರಿಕಾಫಿ ಕುಡಿಯುವ ಮನೆಗಳಿಗೆ ಈ ಎರಡೂ ಪ್ರಶ್ನೆಗಳು ಹಗುರ. ಅವರ ದಾರಿ ಬೇರೆ, ಕೆಳಗೆ ಹೇಳುತ್ತೇನೆ.

ಹಂತ 2: ಮೂರು ಬಗೆಯ ಯಂತ್ರಗಳಲ್ಲಿ ಯಾವುದು?

ಗ್ರೈಂಡರ್ ಇರುವ ಡ್ರಿಪ್ ಯಂತ್ರ ಮೊದಲನೆಯದು. ಬೀಜ ಪುಡಿಯಾಗಿ ಕಾಗದದ ಅಥವಾ ಲೋಹದ ಸೋಸುಕಕ್ಕೆ ಬೀಳುತ್ತದೆ, ಮೇಲಿನಿಂದ ಬಿಸಿನೀರು ಹನಿಯುತ್ತದೆ, ಕೆಳಗೆ ಗಾಜಿನ ಅಥವಾ ಉಕ್ಕಿನ ಜಗ್ಗು ತುಂಬುತ್ತದೆ. ಅಮೆರಿಕದ ಮನೆಗಳ ಯಂತ್ರ ಇದು; ಅಲ್ಲಿರುವ ಕನ್ನಡಿಗರ ಅಡುಗೆಮನೆಗಳಲ್ಲಿ ಕುಸಿನಾರ್ಟ್, ಬ್ರೆವಿಲ್ ಹೆಸರುಗಳನ್ನು ನೋಡಿರುತ್ತೀರಿ. ಲೀಟರ್ ನೀರಿಗೆ 55ರಿಂದ 60 ಗ್ರಾಂ ಪುಡಿ ಇದರ ಲೆಕ್ಕ. ಬರುವ ಕಾಫಿ ತಿಳಿಯಾದದ್ದು, ಕರಿಕಾಫಿಗೆ ಹೇಳಿ ಮಾಡಿಸಿದ್ದು. ಬೆಲ್ಲದ ಕಾಫಿಯ ಮನೆಗೆ ಇದೇ ಸರಿ, ಆದರೆ ಬೆಲ್ಲವನ್ನು ಲೋಟಕ್ಕೇ ಹಾಕಿಕೊಳ್ಳಿ, ನೀರಿನ ತೊಟ್ಟಿಗೆ ಎಂದೂ ಹಾಕಬೇಡಿ. ಹಾಲಿನ ಕಾಫಿ ಕುಡಿಯುವವರಿಗೆ ಇದು ಬೇಡವೇ ಬೇಡ. ಡಿಕಾಕ್ಷನ್‌ನ ಗಟ್ಟಿತನ ಇದಕ್ಕೆ ಬರುವುದಿಲ್ಲ, ಹಾಲು ಹಾಕಿದರೆ ನೀರುನೀರಾಗುತ್ತದೆ. ‘12 ಕಪ್’ ಎಂಬ ಬರಹದಿಂದಲೂ ಮೋಸ ಹೋಗಬೇಡಿ. ಅಲ್ಲಿನ ಕಪ್ಪು ಸುಮಾರು 150 ಮಿಲಿಲೀಟರಿನದು.

ಎರಡನೆಯದು ಅರೆ ಸ್ವಯಂಚಾಲಿತ ಎಸ್ಪ್ರೆಸ್ಸೊ ಯಂತ್ರ, ಅಂದರೆ ಬಿಸಿನೀರನ್ನು ಒತ್ತಡದಿಂದ ಪುಡಿಯ ಮೂಲಕ ಹಾಯಿಸಿ ಗಟ್ಟಿ ಕಾಫಿ ಇಳಿಸುವಂಥದ್ದು. ಹಿಡಿಕೆಯಿರುವ ಸೌಟಿನಂಥ ಪಾತ್ರೆಗೆ ಯಂತ್ರ ಪುಡಿ ಬೀಳಿಸುತ್ತದೆ. ಅದನ್ನು ಒತ್ತಿ ಸಮ ಮಾಡಿ, ಯಂತ್ರಕ್ಕೆ ಸಿಕ್ಕಿಸಿ, ಗುಂಡಿ ಒತ್ತುವುದು ನಮ್ಮ ಕೆಲಸ. ಬ್ರೆವಿಲ್ ಕಂಪನಿಯ ಬರಿಸ್ತಾ ಎಕ್ಸ್‌ಪ್ರೆಸ್ ಈ ಬಗೆಯಲ್ಲಿ ಹೆಸರಾದದ್ದು. ಬ್ರಿಟನ್, ಯುರೋಪಿನಲ್ಲಿ ಅದೇ ಯಂತ್ರ ಸೇಜ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಸುಮಾರು 18 ಗ್ರಾಂ ಪುಡಿಯಿಂದ 25ರಿಂದ 30 ಸೆಕೆಂಡುಗಳಲ್ಲಿ 36 ಗ್ರಾಂ ಆಸುಪಾಸು ಗಟ್ಟಿ ಕಾಫಿ ಇಳಿಯಬೇಕು, ಇದು ಎಲ್ಲರೂ ಶುರು ಮಾಡುವ ಅಳತೆ. ಈ 36 ಗ್ರಾಂ ನಮ್ಮ ಡಿಕಾಕ್ಷನ್‌ನ ಹತ್ತಿರದ ನೆಂಟ; ಬಿಸಿ ಹಾಲಿಗೆ ಹಾಕಿದರೆ ಸೋಲುವುದಿಲ್ಲ. ಆದರೆ ಇದು ಕೈಕೆಲಸ ಕೇಳುತ್ತದೆ. ಕಲಿಯಲು ಎರಡು ಮೂರು ವಾರ, ಪ್ರತಿ ಲೋಟಕ್ಕೆ ನಾಲ್ಕೈದು ನಿಮಿಷ ಬೇಕು. ತಂಗಿಗೆ ಕೊಟ್ಟದ್ದು ಇಂಥದ್ದು. ಅವಳಿಗೆ ಆ ನಿಮಿಷಗಳು ದಿನದ ಅತ್ಯಂತ ಪ್ರೀತಿಯ ನಿಮಿಷಗಳು. ಬೆಳಿಗ್ಗೆ ಆರೂವರೆಗೆ ನಾಲ್ವರಿಗೆ ಕಾಫಿ ಕೊಟ್ಟು ಮಕ್ಕಳನ್ನು ಶಾಲೆಗೆ ಹೊರಡಿಸಬೇಕಾದ ನಮ್ಮ ಮನೆಗೆ ಅದು ಒಗ್ಗಲಿಲ್ಲ.

ಮೂರನೆಯದು ಪೂರ್ಣ ಸ್ವಯಂಚಾಲಿತ. ಗುಂಡಿ ಒತ್ತಿದರೆ ಬೀಜ ಪುಡಿಯಾಗಿ, ಒಳಗೇ ಒತ್ತಿಕೊಂಡು, ಕಾಫಿ ಲೋಟಕ್ಕೆ ಇಳಿದು, ಗಸಿ ಬಿಲ್ಲೆಯಾಗಿ ಒಳಗಿನ ಡಬ್ಬಕ್ಕೆ ಬೀಳುತ್ತದೆ. ಫಿಲಿಪ್ಸ್, ಡಿಲಾಂಗಿ, ಜೂರಾ ಇಂಥವನ್ನು ಮಾಡುತ್ತವೆ. ಒಂದು ಲೋಟಕ್ಕೆ ಸಾಮಾನ್ಯವಾಗಿ 7ರಿಂದ 11 ಗ್ರಾಂ ಬೀಜ ತೆಗೆದುಕೊಳ್ಳುತ್ತದೆ. ರುಚಿಯ ತುತ್ತತುದಿಯನ್ನು ಅರೆ ಸ್ವಯಂಚಾಲಿತ ಯಂತ್ರ ಮುಟ್ಟುತ್ತದೆ ಎಂಬುದು ನಿಜ, ಆದರೆ ಪ್ರತಿದಿನವೂ ಒಂದೇ ಹದ, ಒಂದು ನಿಮಿಷದೊಳಗೆ, ಮನೆಯ ಯಾರು ಒತ್ತಿದರೂ ಬರುವುದು ಇದರಲ್ಲಿ. ನನ್ನ ಆಯ್ಕೆ ಇದು.

ಬೀಜದ ಖರ್ಚನ್ನೂ ಲೆಕ್ಕ ಹಾಕಿ. ದಿನಕ್ಕೆ ಐದು ಲೋಟ, ಲೋಟಕ್ಕೆ 9 ಗ್ರಾಂ ಎಂದರೆ 45 ಗ್ರಾಂ, ತಿಂಗಳಿಗೆ 1.35 ಕಿಲೋ. ಅರೆ ಸ್ವಯಂಚಾಲಿತದಲ್ಲಿ 18 ಗ್ರಾಂನಂತೆ ನಾಲ್ಕು ಸಲ ಎಂದರೂ ತಿಂಗಳಿಗೆ ಎರಡು ಕಿಲೋ ದಾಟುತ್ತದೆ. ಯಂತ್ರದ ಬೆಲೆ ಒಮ್ಮೆ ಕೊಡುವುದು, ಬೀಜದ ಬೆಲೆ ಪ್ರತಿ ತಿಂಗಳು.

ಹಂತ 3: ಬೀಸುವ ಭಾಗ

ನಾನು ಅತಿ ಹೆಚ್ಚು ಹೊತ್ತು ನಿಲ್ಲುವ ಜಾಗ ಇದು, ನೀವೂ ನಿಲ್ಲಿ.

ಅಗ್ಗದ ಯಂತ್ರಗಳಲ್ಲಿ, ಮುಖ್ಯವಾಗಿ ಡ್ರಿಪ್ ಬಗೆಯವುಗಳಲ್ಲಿ, ಮಿಕ್ಸಿಯಲ್ಲಿರುವಂಥ ಬ್ಲೇಡು ಇರುತ್ತದೆ. ಮಿಕ್ಸಿಯಲ್ಲಿ ಕಾಳುಮೆಣಸು ಪುಡಿ ಮಾಡಿದ್ದನ್ನು ನೆನಪಿಸಿಕೊಳ್ಳಿ: ತಳದಲ್ಲಿ ಹಿಟ್ಟು, ಮೇಲೆ ಒಡಕು. ಹಿಟ್ಟಾದ ಕಣದಿಂದ ಕಹಿ ಬೇಗ ಇಳಿಯುತ್ತದೆ, ಒಡಕಿನಿಂದ ಹುಳಿ ಮಾತ್ರ ಇಳಿಯುತ್ತದೆ; ಎರಡೂ ಒಂದೇ ಲೋಟಕ್ಕೆ ಬರುತ್ತವೆ. ಒಳ್ಳೆಯ ಯಂತ್ರಗಳಲ್ಲಿ ಇರುವುದು ‘ಬರ್’. ಅದು ನಮ್ಮ ಬೀಸುವ ಕಲ್ಲಿನ ತತ್ವವೇ. ಹಲ್ಲುಗಳಿರುವ ಎರಡು ಚಕ್ರಗಳು, ಒಂದು ಕದಲದೆ ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ನಡುವಿನ ಸಂದಿನಷ್ಟೇ ಗಾತ್ರಕ್ಕೆ ಬಂದ ಕಣ ಹೊರಗೆ ಬೀಳುತ್ತದೆ. ಸಂದು ಹಿಗ್ಗಿಸಿದರೆ ತರಿ, ಕುಗ್ಗಿಸಿದರೆ ನುಣುಪು. ಪೆಟ್ಟಿಗೆಯ ಮೇಲೆ ‘ಬರ್’ ಎಂಬ ಪದ ಇಲ್ಲದಿದ್ದರೆ ಮುಂದಿನ ಯಂತ್ರಕ್ಕೆ ಹೋಗಿ.

ಎಷ್ಟು ಹಂತಗಳಲ್ಲಿ ಸಂದು ಬದಲಿಸಬಹುದು ಎಂದು ಕೇಳಿ. ಪೂರ್ಣ ಸ್ವಯಂಚಾಲಿತಕ್ಕೆ ಐದಾರು ಹಂತಗಳಿದ್ದರೂ ನಡೆಯುತ್ತದೆ. ಅರೆ ಸ್ವಯಂಚಾಲಿತಕ್ಕೆ ಹದಿನೈದಕ್ಕಿಂತ ಕಡಿಮೆ ಇದ್ದರೆ ಹದ ಹಿಡಿಯುವುದು ಕಷ್ಟ.

ಆಮೇಲೆ ಬೆರಳ ಪರೀಕ್ಷೆ. ಅಂಗಡಿಯಲ್ಲಿ ಪ್ರಾತ್ಯಕ್ಷಿಕೆ ತೋರಿಸಿ ಎಂದು ಕೇಳಿ, ನಿಮ್ಮದೇ 200 ಗ್ರಾಂ ಬೀಜ ಒಯ್ಯಿರಿ. ಪುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ. ಡ್ರಿಪ್ ಯಂತ್ರದ ಪುಡಿ ಉಪ್ಪಿಟ್ಟಿಗೆ ತರುವ ಬಾಂಬೆ ರವೆಯಂತಿರಬೇಕು. ಎಸ್ಪ್ರೆಸ್ಸೊದ್ದು ಚಿರೋಟಿ ರವೆಗಿಂತ ತುಸು ನುಣುಪು, ಆದರೆ ಅಕ್ಕಿ ಹಿಟ್ಟಿನಂತೆ ಬೆರಳಿಗೆ ಮೆತ್ತಿಕೊಳ್ಳಬಾರದು. ಇದಕ್ಕಿಂತಲೂ ಮುಖ್ಯ, ತಿಕ್ಕುವಾಗ ಎಲ್ಲ ಕಣಗಳೂ ಒಂದೇ ಬಗೆಯಾಗಿ ತಾಗಬೇಕು. ರವೆ ಜರಡಿ ಹಿಡಿದ ಕೈಗೆ ಇದು ಥಟ್ಟನೆ ತಿಳಿಯುತ್ತದೆ.

ಬರ್ ಉಕ್ಕಿನದಿರಬಹುದು, ಸೆರಾಮಿಕ್‌ನದಿರಬಹುದು. ಎರಡೂ ವರ್ಷಗಟ್ಟಲೆ ಬಾಳುತ್ತವೆ. ಸೆರಾಮಿಕ್ ಬಿಸಿಯಾಗುವುದು ಕಡಿಮೆ ಎಂಬ ಹೊಗಳಿಕೆಗೆ ಮನೆಯ ಬಳಕೆಯಲ್ಲಿ ಹೆಚ್ಚಿನ ಅರ್ಥವಿಲ್ಲ, ದಿನಕ್ಕೆ ಐದು ಲೋಟಕ್ಕೆ ಯಾವ ಬರ್ ಕೂಡ ಕಾಯುವುದಿಲ್ಲ. ಆದರೆ ಸೆರಾಮಿಕ್ ಕಲ್ಲಿಗೆ ಹೆದರುತ್ತದೆ. ತೋಟದವರು, ತೋಟದ ನೆಂಟರಿರುವವರು ಇದನ್ನು ಗಮನಿಸಬೇಕು. ಮೂಡಿಗೆರೆಯ ಚಿಕ್ಕಪ್ಪನ ಮನೆಯಿಂದ ಬರುವ ಬೀಜ, ಹಣ್ಣನ್ನು ಸಿಪ್ಪೆಯೊಡನೆಯೇ ಕಣದಲ್ಲಿ ಒಣಗಿಸಿದ ಚೆರಿ ಕಾಫಿಯದು, ಬಾಣಲೆಯಲ್ಲಿ ಹುರಿದದ್ದು. ಒಂದು ಬೆಳಿಗ್ಗೆ ಅದನ್ನು ಯಂತ್ರಕ್ಕೆ ಸುರಿಯುವಾಗ ‘ಟಣ್’ ಎಂದಿತು. ಬೀಜ ಬಿದ್ದರೆ ಆ ಸದ್ದು ಬರುವುದಿಲ್ಲ. ಬಟ್ಟಲನ್ನು ಖಾಲಿ ಮಾಡಿ ಹುಡುಕಿದಾಗ ಸಿಕ್ಕಿದ್ದು ಹೆಸರುಕಾಳಿನಷ್ಟು ದೊಡ್ಡ ಬೆಣಚುಕಲ್ಲು, ಹುರಿದ ಬೀಜದ ಎಣ್ಣೆ ಹತ್ತಿ ಅದೂ ಕಂದಾಗಿತ್ತು. ಅಂದಿನಿಂದ ಊರಿನ ಬೀಜ ಮೊದಲು ಮೊರಕ್ಕೆ ಹೋಗುತ್ತದೆ. ಅಕ್ಕಿ ಆರಿಸಿದಂತೆ ಆರಿಸಿಯೇ ಯಂತ್ರಕ್ಕೆ. ಅರೆಹುರಿದ ಬೀಜವನ್ನೂ ಆಗಲೇ ತೆಗೆಯಿರಿ. ಹಸಿ ಬೀಜ ಕಲ್ಲಿನಷ್ಟೇ ಗಟ್ಟಿ, ಗ್ರೈಂಡರಿನ ಮೋಟಾರನ್ನು ನಿಲ್ಲಿಸಿಬಿಡುತ್ತದೆ.

ಇನ್ನೊಂದು ಮಾತು. ಗ್ರೈಂಡರೂ ಕಾಫಿ ಮೇಕರೂ ಒಂದೇ ಮೈಯಲ್ಲಿದ್ದರೆ ಒಂದಕ್ಕೆ ಜ್ವರ ಬಂದರೂ ಎರಡೂ ಮಲಗುತ್ತವೆ. ಆ ಕಾರಣಕ್ಕೆ ಹಳೆಯ ಫಿಲ್ಟರನ್ನು ಗುಜರಿಗೆ ಹಾಕಬೇಡಿ.

ಹಂತ 4: ಬಿಚ್ಚಿ ತೋರಿಸಿ ಎನ್ನಿ

ನಮ್ಮ ಮೊದಲ ಯಂತ್ರ ಡ್ರಿಪ್ ಬಗೆಯದು. ಅದರಲ್ಲಿ ಪುಡಿ ಬೀಳುವ ಕಿಂಡಿ, ಬಿಸಿನೀರು ಹನಿಯುವ ಜಾಗದ ನೆತ್ತಿಯ ಮೇಲೆಯೇ ಇತ್ತು. ಪ್ರತಿ ಸಲ ಕಾಫಿ ಇಳಿಯುವಾಗ ಹಬೆ ಮೇಲೇರಿ ಕಿಂಡಿಯ ಒಳಗೋಡೆಯನ್ನು ಒದ್ದೆ ಮಾಡುತ್ತಿತ್ತು. ಮರುದಿನದ ಪುಡಿ ಅಲ್ಲಿ ಮೆತ್ತಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಒಣಗಿ ಉದುರಿತು, ನಮಗೆ ತಿಳಿಯಲೇ ಇಲ್ಲ. ಆಷಾಢ ಬಂತು, ಬಟ್ಟೆಯೇ ಒಣಗದ ದಿನಗಳು. ಒಂದು ಬೆಳಿಗ್ಗೆ ಕಾಫಿಗೆ ಒದ್ದೆ ಗೋಣಿಯ ವಾಸನೆ. ಮುಚ್ಚಳ ತೆಗೆದು ಚಮಚದ ಹಿಡಿಯಿಂದ ಕೆರೆದೆ. ಕೆಸರಿನ ಉಂಡೆಯಂತೆ ಬಂದ ಪುಡಿಯ ಮೇಲೆ ಬೂದುಬಣ್ಣದ ಬೂಷ್ಟು, ಎಳೆಎಳೆಯಾಗಿ. ಕಿಂಡಿಯ ಒಳಭಾಗಕ್ಕೆ ಬೆರಳು ಹೋಗುತ್ತಿರಲಿಲ್ಲ, ಸ್ಕ್ರೂ ಬಿಚ್ಚಿದರೆ ವಾರಂಟಿ ಹೋಗುತ್ತಿತ್ತು. ಎಷ್ಟು ದಿನ ಅದನ್ನೇ ಕುಡಿದಿದ್ದೆವೋ ಎಂದು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಕಾಫಿ ಕುಡಿಯುವ ಮೊದಲು ‘ಇದನ್ನು ಬಿಚ್ಚಿ ತೋರಿಸಿ’ ಎನ್ನಿ. ಡ್ರಿಪ್ ಯಂತ್ರವಾದರೆ ಪುಡಿಯ ಕಿಂಡಿ ಕಳಚಿ ತೊಳೆಯಲು ಬರಬೇಕು. ಅರೆ ಸ್ವಯಂಚಾಲಿತವಾದರೆ ಮೇಲಿನ ಬರ್ ಸ್ಪ್ಯಾನರ್ ಇಲ್ಲದೆ ಎತ್ತಿ ತೆಗೆಯಲು ಬರಬೇಕು, ಒಳಗೆ ಬ್ರಷ್ ಆಡಬೇಕು. ಪೂರ್ಣ ಸ್ವಯಂಚಾಲಿತವಾದರೆ ಪುಡಿಯನ್ನು ಒತ್ತಿ ಕಾಫಿ ಇಳಿಸುವ ಒಳಗಿನ ಘಟಕ, ಬ್ರೂ ಗ್ರೂಪ್ ಎನ್ನುತ್ತಾರೆ, ಹೊರಬರುತ್ತದೆಯೇ ನೋಡಿ. ಫಿಲಿಪ್ಸ್, ಡಿಲಾಂಗಿ ಮನೆಬಳಕೆಯ ಯಂತ್ರಗಳಲ್ಲಿ ಅದನ್ನು ಕೈಯಿಂದ ತೆಗೆದು ನಲ್ಲಿಯ ಕೆಳಗೆ ಹಿಡಿಯಬಹುದು. ಜೂರಾದಲ್ಲಿ ಅದು ಒಳಗೇ ಉಳಿಯುತ್ತದೆ, ಮಾತ್ರೆ ಹಾಕಿ ಯಂತ್ರವೇ ತೊಳೆದುಕೊಳ್ಳುವ ಕ್ರಮ. ಒಣ ಹವೆಯ ಊರುಗಳಲ್ಲಿ ಎರಡೂ ಸರಿ. ಮಲೆನಾಡು, ಕರಾವಳಿಯ ಮನೆಗಳಿಗೆ ನಾನು ಹೇಳುವುದು ಹೊರಬರುವುದನ್ನೇ.

ವಾರಕ್ಕೊಮ್ಮೆ ಅದನ್ನು ಉಗುರುಬೆಚ್ಚನೆಯ ನೀರಿನಲ್ಲಿ, ಸೋಪಿಲ್ಲದೆ ತೊಳೆದು, ಪೂರ್ತಿ ಆರಿಸಿ ಮರಳಿ ಹಾಕಬೇಕು. ಗಸಿಯ ಡಬ್ಬವನ್ನು ಮಳೆಗಾಲದಲ್ಲಿ ದಿನವೂ ಖಾಲಿ ಮಾಡಿ, ತುಂಬಿದೆ ಎಂದು ಯಂತ್ರ ಹೇಳುವವರೆಗೆ ಕಾಯಬೇಡಿ. ಆ ಗಸಿ ಗುಲಾಬಿ ಗಿಡದ ಬುಡದ ಗೊಬ್ಬರಕ್ಕೆ ಒಳ್ಳೆಯದು. ಊರಿಗೆ ಹೊರಟರೆ ಡಬ್ಬ, ನೀರಿನ ತೊಟ್ಟಿ, ಕೆಳಗಿನ ತಟ್ಟೆ ಮೂರನ್ನೂ ಒಣಗಿಸಿ ಹೊರಗಿಡಿ. ಬೆಚ್ಚಗಿನ, ಕತ್ತಲಿನ, ತೇವದ ಜಾಗ ಜಿರಳೆಗೆ ಬಲು ಇಷ್ಟ.

ಹಂತ 5: ನೀರು

ಬಚ್ಚಲಿನ ಹಂಡೆಯ ಒಳಗೆ ಬಿಳಿಯ ಪದರ ಕಟ್ಟುವ ನೀರು ನಿಮ್ಮದಾದರೆ ಅದೇ ಪದರ ಯಂತ್ರದ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗೂ ಕೊಳವೆಬಾವಿಯ ಅಪಾರ್ಟ್‌ಮೆಂಟಿಗೂ ಈ ವಿಷಯದಲ್ಲಿ ಬಹಳ ಅಂತರ. ಹಲವು ಯಂತ್ರಗಳ ಜೊತೆ ನೀರಿನ ಗಡಸು ನೋಡುವ ಪಟ್ಟಿ ಬರುತ್ತದೆ. ಅದನ್ನು ಎಸೆಯದೆ ಅದ್ದಿ ನೋಡಿ, ಬಂದ ಅಂಕಿಯನ್ನು ಯಂತ್ರಕ್ಕೆ ತಿಳಿಸಿ. ಸುಣ್ಣ ಕಳೆಯಲು ಯಾವಾಗ ನೆನಪಿಸಬೇಕೆಂದು ಅದು ಆ ಅಂಕಿಯಿಂದಲೇ ಲೆಕ್ಕ ಹಾಕುತ್ತದೆ.

ಆರ್‌ಒ ನೀರು ಹಾಕಿದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಖನಿಜವೇ ಇಲ್ಲದ ನೀರಿನಲ್ಲಿ ಕಾಫಿ ಸಪ್ಪೆ. ಬಟ್ಟಿ ಇಳಿಸಿದ ನೀರು ಹಾಕಬೇಡಿ ಎಂದು ಕೆಲವು ತಯಾರಕರೇ ಬರೆದಿರುತ್ತಾರೆ. ಕಾಫಿಗೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಖನಿಜ ಲವಣಗಳ ಅಳತೆ, 150ರ ಆಸುಪಾಸು ಇದ್ದರೆ ಒಳ್ಳೆಯದು. ನಿಮ್ಮ ಆರ್‌ಒದಲ್ಲಿ ಟಿಡಿಎಸ್ ತಿರುಗುಣಿ ಇದ್ದರೆ ಮುಂದಿನ ಸರ್ವೀಸಿನವರು ಬಂದಾಗ ಅಷ್ಟಕ್ಕೆ ಕೂರಿಸಲು ಹೇಳಿ. ಸುಣ್ಣ ಕಳೆಯಲು ಕಂಪನಿ ಹೇಳಿದ ದ್ರಾವಣವನ್ನೇ ಬಳಸಿ. ವಿನೆಗರ್ ಹಾಕಿದರೆ ಒಳಗಿನ ರಬ್ಬರು ಕೆಡಬಹುದು, ವಾಸನೆಯೂ ಬಹಳ ದಿನ ಉಳಿಯುತ್ತದೆ.

ಹಂತ 6: ಪ್ಲಗ್, ಜಾಗ, ವಾರಂಟಿ

ಎಸ್ಪ್ರೆಸ್ಸೊ ಬಗೆಯ ಯಂತ್ರಗಳು 1400ರಿಂದ 1600 ವ್ಯಾಟ್ ಎಳೆಯುತ್ತವೆ. 16 ಆಂಪಿಯರ್ ಪಾಯಿಂಟ್ ಬೇಕು. ಮಿಕ್ಸಿಯ ಸಣ್ಣ ಪ್ಲಗ್ಗಿಗೆ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಬೇಡಿ. ಮನೆಯ ಸಾಮಾನ್ಯ ಇನ್ವರ್ಟರ್ ಇದನ್ನು ತಡೆಯುವುದಿಲ್ಲ. ನಡುವೆ ಕರೆಂಟು ಹೋದರೆ ಒಳಗಿನ ಘಟಕ ಅರ್ಧದಲ್ಲಿ ನಿಲ್ಲುತ್ತದೆ. ಬಲವಂತವಾಗಿ ಎಳೆಯದೆ, ಕರೆಂಟು ಬಂದ ಮೇಲೆ ಅದು ತಾನೇ ಸ್ವಸ್ಥಾನಕ್ಕೆ ಬರಲು ಬಿಡಿ.

ಅಮೆರಿಕದಲ್ಲಿರುವ ಅಣ್ಣನೋ ಮಗಳೋ ‘ಇಲ್ಲಿ ಅಗ್ಗ, ತರುತ್ತೇನೆ’ ಎಂದರೆ ಪ್ರೀತಿಯಿಂದ ಬೇಡವೆನ್ನಿ. ಅಲ್ಲಿನ ಯಂತ್ರ 120 ವೋಲ್ಟ್, 60 ಹರ್ಟ್ಸ್‌ನದು. ನಮ್ಮದು 230 ವೋಲ್ಟ್, 50 ಹರ್ಟ್ಸ್. ನೇರವಾಗಿ ಹಾಕಿದರೆ ಸುಡುತ್ತದೆ. 1500 ವ್ಯಾಟಿನ ಯಂತ್ರಕ್ಕೆ ಅದಕ್ಕಿಂತ ಹೆಚ್ಚು ಶಕ್ತಿಯ ಟ್ರಾನ್ಸ್‌ಫಾರ್ಮರ್ ಬೇಕು, ಅದೇ ಎರಡು ಕೈಯ ಭಾರ. ಪಂಪು ಆಗಲೂ ಅದಕ್ಕೆ ಹೊಂದುವ ಆವರ್ತನದಲ್ಲಿ ಓಡುವುದಿಲ್ಲ. ಬ್ರಿಟನ್, ಜರ್ಮನಿ, ದುಬೈ ಕಡೆಯಿಂದ ಬಂದರೆ ವೋಲ್ಟೇಜಿನ ತೊಂದರೆಯಿಲ್ಲ, ಪ್ಲಗ್ ಬದಲಿಸಿದರೆ ಸಾಕು. ವಾರಂಟಿ ಮಾತ್ರ ಇಲ್ಲಿ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಜಾಗ ಅಳೆಯುವಾಗ ಯಂತ್ರದ ಎತ್ತರದ ಮೇಲೆ ಬೀಜ ಸುರಿಯುವ ಕೈಗೆ ಒಂದು ಗೇಣು ಸೇರಿಸಿ. ಪಕ್ಕದ ಬಾಗಿಲಿನಿಂದ ಘಟಕ ತೆಗೆಯುವ ಮಾದರಿಯಾದರೆ ಆ ಕಡೆ ಗೋಡೆ ಇರಬಾರದು. ಹಬೆ ನೇರವಾಗಿ ತಾಗುವಲ್ಲಿ ಪ್ಲೈವುಡ್ ಕಪಾಟಿದ್ದರೆ ಅದು ಉಬ್ಬುತ್ತದೆ.

‘15 ಬಾರ್’, ‘20 ಬಾರ್’ ಎಂಬ ದೊಡ್ಡ ಅಕ್ಷರಗಳಿಗೆ ಬೆಲೆ ಕೊಡಬೇಡಿ. ಬಾರ್ ಎಂದರೆ ಒತ್ತಡದ ಅಳತೆ. ಅದು ಪಂಪಿನ ಗರಿಷ್ಠ ಒತ್ತಡ, ಕಾಫಿ ಇಳಿಯಲು ಬೇಕಾದದ್ದು ಸುಮಾರು 9 ಬಾರ್.

ವಾರಂಟಿ ಕಾರ್ಡಿನ ಸಣ್ಣ ಅಕ್ಷರ ಓದಿ. ಬಹುತೇಕ ಎಲ್ಲದರಲ್ಲೂ ‘ಗೃಹಬಳಕೆಗೆ ಮಾತ್ರ’ ಎಂದಿರುತ್ತದೆ. ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ ಕಡೆ ಹೋಮ್‌ಸ್ಟೇ ನಡೆಸುವವರು ಅತಿಥಿಗಳಿಗೆಂದು ಮನೆಯ ಯಂತ್ರ ಇಟ್ಟರೆ, ಕೆಟ್ಟಾಗ ಆ ಒಂದು ಸಾಲು ಎದುರಾಗುತ್ತದೆ. ಸರ್ವೀಸಿನವರು ನಿಮ್ಮ ಊರಿಗೆ ಬರುತ್ತಾರೆಯೇ ಅಥವಾ ಯಂತ್ರವನ್ನೇ ಬೆಂಗಳೂರಿಗೆ ಕಳಿಸಬೇಕೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಹಂತ 7: ಬೀಜ

ಕಾಫಿಯ ನಾಡಿನಲ್ಲಿದ್ದೇವೆ. ದೇಶದ ಕಾಫಿಯಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಕರ್ನಾಟಕದ್ದು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಮೂರಕ್ಕೂ ಭೌಗೋಳಿಕ ಗುರುತು ಸಿಕ್ಕಿತು. ಇಷ್ಟು ಹತ್ತಿರದಲ್ಲಿದ್ದು ಯಾವುದೋ ಸೂಪರ್ ಮಾರ್ಕೆಟಿನ ಕಪಾಟಿನಲ್ಲಿ ಆರು ತಿಂಗಳು ಕೂತ ವಿದೇಶಿ ಬೀಜ ಕೊಳ್ಳುವುದು ನನಗೆ ಸಂಕಟ ತರುತ್ತದೆ.

ನಿಮ್ಮ ಪುಡಿ ಅಂಗಡಿಯವರನ್ನೇ ಕೇಳಿ: ‘ಪುಡಿ ಮಾಡಬೇಡಿ, ಹುರಿದ ಬೀಜವನ್ನೇ ಕೊಡಿ. ಎಂದು ಹುರಿದದ್ದು?’ ಪ್ಲಾಂಟೇಷನ್ ಎ, ಪೀಬೆರಿ, ರೊಬಸ್ಟಾ ಎಂದು ಅವರೇ ಬಿಡಿಸಿ ಹೇಳುತ್ತಾರೆ. ನಡುಹದ ಹುರಿತ ಕೇಳಿ. ಕಪ್ಪಾಗಿ ಹುರಿದು ಮೇಲೆ ಎಣ್ಣೆ ಮಿನುಗುವ ಬೀಜ ಗ್ರೈಂಡರಿನ ಗಂಟಲಿಗೆ ಅಂಟುತ್ತದೆ, ಬಟ್ಟಲಿನಿಂದ ಕೆಳಗಿಳಿಯುವುದಿಲ್ಲ. ಸಕ್ಕರೆ, ಪರಿಮಳದ ಲೇಪವಿರುವ ಬೀಜ ಯಂತ್ರಕ್ಕೆ ಬೇಡ. ಹುರಿದ ಬೀಜದಿಂದ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುತ್ತದೆ. ಅಷ್ಟರಲ್ಲೇ ಎಸ್ಪ್ರೆಸ್ಸೊ ಮಾಡಿದರೆ ಬರೀ ನೊರೆ. ಒಂದು ವಾರ ಬಿಟ್ಟು ತೆಗೆಯಿರಿ, ಒಂದು ತಿಂಗಳೊಳಗೆ ಮುಗಿಸಿ. ಬಟ್ಟಲಿಗೆ ಎರಡು ದಿನಕ್ಕಾಗುವಷ್ಟು ಮಾತ್ರ ಸುರಿದು ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಫ್ರಿಜ್ಜಿನಲ್ಲಿ ಇಡಬೇಡಿ, ತೆಗೆದಾಗಲೆಲ್ಲ ಬೆವರುತ್ತದೆ.

ಹಂತ 8: ಮೊದಲ ಹತ್ತು ದಿನ

ಪೂರ್ಣ ಸ್ವಯಂಚಾಲಿತದ ಮೊದಲ ನಾಲ್ಕೈದು ಲೋಟ ತೆಳ್ಳಗಿರುತ್ತವೆ, ಅದು ಯಂತ್ರದ ದೋಷವಲ್ಲ. ಆಮೇಲೂ ಕಾಫಿ ಹುಳಿಯಾಗಿ, ಸರ್ರನೆ ಇಳಿದರೆ ಒಂದು ಹಂತ ನುಣುಪು ಮಾಡಿ. ಕಹಿಯಾಗಿ, ತೊಟ್ಟುತೊಟ್ಟಾಗಿ ಇಳಿದರೆ ಒಂದು ಹಂತ ತರಿ ಮಾಡಿ. ಬಹುತೇಕ ಪೂರ್ಣ ಸ್ವಯಂಚಾಲಿತ ಯಂತ್ರಗಳಲ್ಲಿ ಬೀಸುವ ಹದ ಬದಲಿಸುವ ತಿರುಗುಣಿಯನ್ನು ಗ್ರೈಂಡರ್ ತಿರುಗುತ್ತಿರುವಾಗ ಮಾತ್ರ ತಿರುಗಿಸಬೇಕು. ನಿಂತಾಗ ತಿರುಗಿಸಿದರೆ ನಡುವೆ ಸಿಕ್ಕಿದ ಬೀಜ ಬರ್ ಮೇಲೆ ಒತ್ತುತ್ತದೆ. ಹಳೆಯ ಪುಡಿ ಒಳಗೆ ಸ್ವಲ್ಪ ಉಳಿದಿರುವುದರಿಂದ ಬದಲಾವಣೆ ಎರಡು ಮೂರು ಲೋಟಗಳ ನಂತರವೇ ತಿಳಿಯುತ್ತದೆ. ದಿನಕ್ಕೆ ಒಂದೇ ಹಂತ, ಒಂದೇ ಬದಲಾವಣೆ. ಬೀಜ, ಹಂತ, ರುಚಿ ಮೂರನ್ನೂ ಚೀಟಿಯಲ್ಲಿ ಬರೆದು ಕಪಾಟಿನ ಒಳಬಾಗಿಲಿಗೆ ಅಂಟಿಸಿ.

ಮರಳಿಸುವ ಅವಧಿ ಎಷ್ಟು ದಿನ ಎಂದು ಬಿಲ್ಲಿನಲ್ಲಿ ನೋಡಿ, ಆ ದಿನಗಳಲ್ಲಿ ಯಂತ್ರವನ್ನು ಪೂರ್ತಿ ದುಡಿಸಿ: ನೆಂಟರು ಬಂದ ದಿನದಂತೆ ಸಾಲಾಗಿ ಎಂಟು ಲೋಟ, ಒಮ್ಮೆ ಬಿಚ್ಚಿ ತೊಳೆಯುವುದು, ಒಮ್ಮೆ ಹಬೆಯ ನಳಿಕೆ. ನೀರು ಸೋರಿದರೆ, ಗ್ರೈಂಡರಿನ ಸದ್ದು ದಿನದಿಂದ ದಿನಕ್ಕೆ ಬದಲಾದರೆ ತಡಮಾಡದೆ ದೂರು ಕೊಡಿ. ಪೆಟ್ಟಿಗೆಯನ್ನೂ ಒಳಗಿನ ಥರ್ಮೋಕೋಲನ್ನೂ ಅಟ್ಟಕ್ಕೆ ಹಾಕಿಡಿ. ಎರಡು ವರ್ಷದ ಬಳಿಕ ಯಂತ್ರವನ್ನು ಸರ್ವೀಸಿಗೆ ಕಳಿಸಬೇಕಾದರೂ ಅದು ಒಡೆಯದೆ ಹೋಗಿ ಬರುವುದು ಆ ಥರ್ಮೋಕೋಲಿನ ಅಚ್ಚಿನಲ್ಲೇ.